ಸ್ಕ್ಯಾನಿಗೆ ಮೊದಲು ಅಂಗಿ ಬಿಚ್ಚಿ

ನೋವಿಗೆ ಒಂದು ಮರ್ಯಾದೆ ಇದೆ. ಬೆನ್ನು ನೋವು ಎಂದರೆ ಮನೆಯವರು ಎಣ್ಣೆ ಕಾಯಿಸುತ್ತಾರೆ, ಆಫೀಸಿನಲ್ಲಿ ಕುರ್ಚಿ ಬದಲಾಗುತ್ತದೆ, ಜಿಮ್ಮಿನ ಟ್ರೈನರ್ ಕೂಡ ಒಂದು ವಾರ ಡೆಡ್‌ಲಿಫ್ಟ್ ಬಿಟ್ಟುಬಿಡಿ ಎನ್ನುತ್ತಾನೆ. ಬೆನ್ನು ಮರಗಟ್ಟಿದೆ ಎಂದರೆ ಮಾತ್ರ ಎದುರಿಗಿದ್ದವರಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ನೋವಿಲ್ಲವಲ್ಲ, ಮತ್ತೇನು ತೊಂದರೆ ಎನ್ನುವವರೇ ಹೆಚ್ಚು.

ಹೈದರಾಬಾದಿನಲ್ಲಿ ನೆಲೆಸಿದ ಒಬ್ಬ ಕನ್ನಡಿಗನನ್ನು ಕಲ್ಪಿಸಿಕೊಳ್ಳೋಣ. ಊರು ಬೀದರೋ ರಾಯಚೂರೋ, ಕೆಲಸ ಮಾಧಾಪುರದಲ್ಲಿ, ವಯಸ್ಸು ನಲವತ್ತಕ್ಕೆ ಹತ್ತಿರ. ಕಾಲೇಜಿನ ದಿನಗಳಲ್ಲಿ ಊರ ಗರಡಿಯಲ್ಲಿ ಮೈ ಹುರಿಗೊಳಿಸಿದವನು, ಆಮೇಲೆ ಹತ್ತು ವರ್ಷ ಲ್ಯಾಪ್‌ಟಾಪ್ ಬಿಟ್ಟು ಬೇರೆ ಭಾರ ಎತ್ತಿಲ್ಲ. ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿ ಮುಟ್ಟಿದ್ದನ್ನು ಕಂಡು ಹೆದರಿ ಈಗ ಮತ್ತೆ ಬಾರ್ಬೆಲ್ಲಿನ ಮುಂದೆ ನಿಂತಿದ್ದಾನೆ. ಕೆಲವು ವಾರ ಕಳೆದ ಮೇಲೆ ಒಂದು ದಿನ ಸ್ನಾನಕ್ಕೆ ನಿಂತಾಗ, ಬಲಗಡೆಯ ರೆಕ್ಕೆಮೂಳೆಗೂ ಬೆನ್ನೆಲುಬಿಗೂ ನಡುವೆ ಅಂಗೈಯಗಲದ ಜಾಗದಲ್ಲಿ ಬಿಸಿನೀರು ಬಿಸಿ ಅನ್ನಿಸುವುದಿಲ್ಲ. ಟ್ರೈನರನ್ನು ಕೇಳಿದರೆ ದಖನಿಯಲ್ಲಿ ತೀರ್ಪು ತಯಾರು: ‘ನಸ್ ದಬ್ ಗಯೀ’, ನರ ಒತ್ತಿಕೊಂಡಿದೆ. ಗೆಳೆಯರನ್ನು ಕೇಳಿದರೆ ಎಂಆರ್‌ಐ. ಮಾಡಿಸಿದ್ದಾಯಿತು, ಸೊಂಟದ ಭಾಗದ್ದು. ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂಬ ಎರಡು ಪದ. ಅಲ್ಲಿಗೆ ಜಿಮ್ ಮುಗಿಯಿತು. ಇಷ್ಟೆಲ್ಲ ಓಡಾಟದಲ್ಲಿ ಒಬ್ಬರೂ ಅವನ ಅಂಗಿ ಬಿಚ್ಚಿಸಿ ಬೆನ್ನು ನೋಡಲಿಲ್ಲ.

ಈ ಕಡೆಯ ವಾಕ್ಯದ ಮೇಲೆಯೇ ನನ್ನ ಜಗಳ.

ಮೊದಲು ವರದಿಯ ಆ ಎರಡು ಪದಗಳನ್ನು ನೋಡೋಣ. ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಎಂದು ಅವುಗಳ ಅರ್ಥ. ಬೆನ್ನಿನ ಯಾವ ದೂರೂ ಇಲ್ಲದ 3,110 ಜನರ ಸ್ಕ್ಯಾನ್ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30 ಮಂದಿಗೆ ಡಿಸ್ಕ್ ಉಬ್ಬಿತ್ತು. ಎಂಬತ್ತರ ವಯಸ್ಸಿನವರಲ್ಲಿ ಅದು ಶೇ. 84. ಇವರೆಲ್ಲ ಏನೂ ತೊಂದರೆಯಿಲ್ಲದೆ ಓಡಾಡಿಕೊಂಡಿದ್ದವರು ಎಂಬುದನ್ನು ಮರೆಯಬಾರದು. ನಲವತ್ತರ ಬೆನ್ನನ್ನು ಯಂತ್ರದೊಳಗೆ ತೂರಿಸಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೇ ಕಾರಣ ಎಂದು ಹೇಳಲು ಅದು ಮರಗಟ್ಟಿದ ಜಾಗಕ್ಕೆ ಹೊಂದಿಕೆಯಾಗಬೇಕು. ಸೊಂಟದ ಕೆಳಗಿನ ಡಿಸ್ಕು ನರವನ್ನು ಒತ್ತಿದರೆ ಅದರ ದೂರು ಕಾಲಿಗೆ, ಪಾದಕ್ಕೆ ಇಳಿಯುತ್ತದೆ. ರೆಕ್ಕೆಮೂಳೆಯ ಪಕ್ಕದ ಚರ್ಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಕಲ್ಪನೆಯ ಗೆಳೆಯ ತನಗೆ ತೊಂದರೆ ಇಲ್ಲದ ಜಾಗದ ಚಿತ್ರ ತೆಗೆಸಿಕೊಂಡು ಹೆದರಿದ್ದಾನೆ.

ಹಾಗಾದರೆ ಆ ಅಂಗೈಯಗಲದ ಜಾಗಕ್ಕೆ ಸುದ್ದಿ ತರುವವರು ಯಾರು? ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಹೊರಬಿದ್ದ ಕೂಡಲೇ ಪ್ರತಿಯೊಂದೂ ಎರಡಾಗುತ್ತದೆ. ದೊಡ್ಡ ಕವಲು ಮುಂದಕ್ಕೆ ಹೋಗುತ್ತದೆ, ಕೈಕಾಲು ಎದೆ ಹೊಟ್ಟೆ ಅದರ ಪಾಲು. ಸಣ್ಣ ಹಿಂಗವಲು ಬೆನ್ನೆಲುಬಿನ ಅಕ್ಕಪಕ್ಕದ ಸ್ನಾಯುಗಳನ್ನು ನೋಡಿಕೊಂಡು, ಅವುಗಳನ್ನೇ ತೂರಿಕೊಂಡು ಹೊರಬಂದು, ಮೇಲಿನ ಚರ್ಮದ ಒಂದು ಪಟ್ಟಿಗೆ ಸ್ಪರ್ಶ ಕೊಡುತ್ತದೆ. ಮರಗಟ್ಟುವಿಕೆ ಪಕ್ಕೆಲುಬಿನ ಗುಂಟ ಸುತ್ತಿಕೊಂಡು ಎದೆಯ ಕಡೆಗೂ ಬಂದರೆ ನರದ ಬುಡದಲ್ಲಿ ತೊಂದರೆ ಇರಬಹುದು. ಬೆನ್ನಿನಲ್ಲೇ ಒಂದು ತೇಪೆಯಂತೆ ನಿಂತರೆ ಹಿಂಗವಲನ್ನೋ ಚರ್ಮವನ್ನೋ ಅನುಮಾನಿಸಬೇಕು. ಇಷ್ಟನ್ನು ತಿಳಿಯಲು ಯಂತ್ರ ಬೇಡ, ಬೆರಳು ಸಾಕು.

ಎದೆಮಟ್ಟದ ಎರಡರಿಂದ ಆರನೆಯವರೆಗಿನ ಹಿಂಗವಲುಗಳು ಸ್ನಾಯುವನ್ನು ಹೆಚ್ಚುಕಡಿಮೆ ನೇರ ಕೋನದಲ್ಲಿ ತೂರುತ್ತವೆ. ಹಾಗಾಗಿ ಅಲ್ಲಿ ಸಿಕ್ಕಿಕೊಳ್ಳುವ, ಜಗ್ಗುವ ಸಂಭವ ಹೆಚ್ಚು ಎಂದು ಒಂದು ವಾದ. ರೆಕ್ಕೆಮೂಳೆಯ ಒಳಬದಿಯಲ್ಲಿ ತುರಿಕೆ, ಜುಮುಜುಮು, ಸ್ಪರ್ಶ ಕಮ್ಮಿಯಾಗುವುದು, ಉಜ್ಜಿ ಉಜ್ಜಿ ಚರ್ಮ ಕಂದಾಗುವುದು, ಈ ಕೂಟಕ್ಕೆ ನೋಟಾಲ್ಜಿಯಾ ಪ್ಯಾರೆಸ್ತೆಟಿಕಾ ಎಂದು ಹೆಸರು. ರಷ್ಯಾದ ನರತಜ್ಞರೊಬ್ಬರು 1934ರಲ್ಲಿ ಇದನ್ನು ವರ್ಣಿಸಿದರು. ನಡುವಯಸ್ಸು ದಾಟಿದವರಲ್ಲಿ ಸಾಮಾನ್ಯ, ಹೆಂಗಸರಲ್ಲಿ ಇನ್ನೂ ಹೆಚ್ಚು. ಪ್ರಾಣಕ್ಕೇನೂ ಅಪಾಯವಿಲ್ಲ. ಆದರೆ ಹೆಸರು ಗೊತ್ತಿಲ್ಲದ ವೈದ್ಯರು ಅಲರ್ಜಿ ಮುಲಾಮು ಬರೆದು ಕಳಿಸುತ್ತಾರೆ, ರೋಗಿ ಬಾಗಿಲ ಮೂಲೆಗೆ ಬೆನ್ನು ಉಜ್ಜುತ್ತ ವರ್ಷ ಕಳೆಯುತ್ತಾನೆ. ಬಹುಕಾಲ ಕುರ್ಚಿಯಲ್ಲಿ ಕುಗ್ಗಿ ಕೂತ ಬೆನ್ನಿಗೆ ಏಕಾಏಕಿ ರೋ, ಪುಲ್‌ಡೌನ್, ಡೆಡ್‌ಲಿಫ್ಟ್ ಎಲ್ಲ ಹೇರಿದರೆ ಈ ಸಣ್ಣ ನರಗಳು ಮುನಿಸಿಕೊಳ್ಳುವುದು ಅಸಂಭವವೇನಲ್ಲ.

ಸೊಂಟದಲ್ಲೂ ಇದರ ತಮ್ಮಂದಿರಿದ್ದಾರೆ. ಟೊಂಕದ ಮೂಳೆಯ ಅಂಚನ್ನು ದಾಟಿ ಪೃಷ್ಠದ ಮೇಲ್ಭಾಗಕ್ಕೆ ಇಳಿಯುವ ನರಗಳು ಬಿಗಿ ಬೆಲ್ಟಿಗೆ ಸಿಕ್ಕಿ ಮರಗಟ್ಟಬಹುದು. ತೊಡೆಯ ಹೊರಬದಿಯ ನರಕ್ಕೆ ಇದೇ ಗತಿಯಾದರೆ ಮೆರಾಲ್ಜಿಯಾ ಪ್ಯಾರೆಸ್ತೆಟಿಕಾ. ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್‌ಗೂ ಅದು ಇತ್ತು. ಲಿಫ್ಟಿಂಗ್ ಬೆಲ್ಟನ್ನು ಇಡೀ ಒಂದು ತಾಸು ಬಿಗಿದುಕೊಂಡೇ ಜಿಮ್ಮಿನಲ್ಲಿ ತಿರುಗುವವರು ಇದನ್ನೊಮ್ಮೆ ನೆನೆಯಲಿ.

ಇನ್ನು ಜಿಮ್ಮಿನಲ್ಲಿ ಯಾರೂ ಬಾಯಿಬಿಡದ ಹೆಸರು. ಕುಷ್ಠರೋಗ.

ನಮ್ಮ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆದಿರುತ್ತಿದ್ದದ್ದು ನೆನಪಿದೆಯೇ? ತಿಳಿ ಬಿಳಿ ಅಥವಾ ತಾಮ್ರ ಬಣ್ಣದ, ಸ್ಪರ್ಶಜ್ಞಾನವಿಲ್ಲದ ಮಚ್ಚೆ. ಬಸ್ಸಿಗೆ ಕಾಯುತ್ತ ಅದನ್ನು ನೂರು ಸಲ ಓದಿದ ಮಕ್ಕಳೇ ಇವತ್ತು ಗಚ್ಚಿಬೌಲಿಯ ಗಾಜಿನ ಕಟ್ಟಡಗಳಲ್ಲಿ ಕೂತಿದ್ದಾರೆ. ಬಡವರ ರೋಗ, ಹಳೆಯ ಕಾಲದ ರೋಗ ಎಂದು ಮನಸ್ಸು ಅದನ್ನು ದೂರ ಇಟ್ಟಿದೆ. ರೋಗಾಣು ಮೈಸೇರಿದ ಮೇಲೆ ಕಾಣಿಸಿಕೊಳ್ಳಲು ಸರಾಸರಿ 5 ವರ್ಷ ಹಿಡಿಯುತ್ತದೆ, ಕೆಲವೊಮ್ಮೆ 20 ವರ್ಷವೂ ಆದೀತು. ಬಾಲ್ಯದ ಊರಿನಲ್ಲಿ ಸೇರಿದ್ದು ಫ್ಲಾಟು ಕೊಂಡ ಮೇಲೆ ಹೊರಬರಬಹುದು. 2005ರ ಡಿಸೆಂಬರಿನಲ್ಲಿ ಭಾರತ ‘ನಿರ್ಮೂಲನೆ’ ಸಾಧಿಸಿದೆ ಎಂದು ಘೋಷಣೆಯಾಯಿತು, ಸರಿ. ಆ ಘೋಷಣೆಯ ಅರ್ಥ ಹತ್ತು ಸಾವಿರ ಜನಕ್ಕೆ ಒಬ್ಬ ರೋಗಿಗಿಂತ ಕಡಿಮೆ ಎಂದಷ್ಟೇ. ಈಗಲೂ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಾರೆ. ಜಗತ್ತಿನ ಒಟ್ಟು ಲೆಕ್ಕದಲ್ಲಿ ಅದು ಅರ್ಧಕ್ಕಿಂತ ಹೆಚ್ಚು.

ಹೈದರಾಬಾದಿಗೆ ಈ ರೋಗದ ಪರಿಚಯ ಚೆನ್ನಾಗಿದೆ. ನಿಜಾಮಾಬಾದ್ ಬಳಿಯ ಡಿಚ್‌ಪಲ್ಲಿಯಲ್ಲಿ ಸ್ಕಾಟ್ಲೆಂಡಿನ ವೈದ್ಯೆ ಇಸಬೆಲ್ ಕೆರ್ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿದ್ದು ನಿಜಾಮರ ಕಾಲದಲ್ಲಿ. ಕೂಕಟ್‌ಪಲ್ಲಿಯ ಶಿವಾನಂದ ಪುನರ್ವಸತಿ ಗೃಹವನ್ನು 1958ರಲ್ಲಿ ಆರಂಭಿಸಿದವರು ವನಪರ್ತಿ ಸಂಸ್ಥಾನದ ರಾಣಿ ಕುಮುದಿನಿ ದೇವಿ. ಆಮೇಲೆ ಹೈದರಾಬಾದಿನ ಮೇಯರ್ ಆದವರೂ ಅವರೇ. ಅಂದು ಊರ ಹೊರಗಿದ್ದ ಆ ಜಾಗದ ಸುತ್ತ ಇಂದು ಅಪಾರ್ಟ್‌ಮೆಂಟು, ಮಾಲು, ಬೀದಿಗೊಂದು ಜಿಮ್ಮು. ಚೆರ್ಲಪಲ್ಲಿಯಲ್ಲಿ ಲೆಪ್ರಾ ಸಂಸ್ಥೆಯ ಸಂಶೋಧನಾ ಕೇಂದ್ರವಿದೆ, ಅದರ ಹೆಸರು ಬ್ಲೂ ಪೀಟರ್. ಬಿಬಿಸಿಯ ಮಕ್ಕಳ ಕಾರ್ಯಕ್ರಮವೊಂದು ಕೂಡಿಸಿದ ಹಣದಿಂದ ಎದ್ದದ್ದು, ಹಾಗಾಗಿ ಆ ಹೆಸರು.

ಜಿಮ್ಮಿಗೆ ಹೋಗುವವರಿಗೆ ಇಲ್ಲೊಂದು ಅನುಕೂಲವಿದೆ. ಬೆವರು ಈ ರೋಗದ ಗುಟ್ಟು ಬಿಟ್ಟುಕೊಡುತ್ತದೆ. ಕುಷ್ಠದ ಮಚ್ಚೆಯಲ್ಲಿ ಬೆವರು ಗ್ರಂಥಿಗಳಿಗೆ ಹೋಗುವ ನರವೂ ಸತ್ತಿರುತ್ತದೆ. ಇಡೀ ಬೆನ್ನು ನೀರಾಗಿ ಹರಿಯುವಾಗ ಅಷ್ಟು ಜಾಗ ಒಣಗಿದ್ದರೆ, ಅಲ್ಲಿ ಕೂದಲು ವಿರಳವಾಗಿದ್ದರೆ, ಬಣ್ಣ ಸುತ್ತಲಿನದಕ್ಕಿಂತ ತಿಳಿಯಾಗಿಯೋ ಕೆಂಪಾಗಿಯೋ ಇದ್ದರೆ ಚರ್ಮವೈದ್ಯರ ಬಳಿ ಹೋಗುವುದನ್ನು ಮುಂದೂಡಬಾರದು. ಬೆವರುವ ಬೆನ್ನಿಗೆ ಚಿಬ್ಬು ಕೂಡ ಸಾಮಾನ್ಯ, ಅದೂ ತಿಳಿ ಬಣ್ಣದ್ದೇ. ಆದರೆ ಚಿಬ್ಬಿನಲ್ಲಿ ಸ್ಪರ್ಶ ಹೋಗುವುದಿಲ್ಲ. ವ್ಯತ್ಯಾಸ ತಿಳಿಯುವುದು ಹೀಗೆ: ಮನೆಯವರೊಬ್ಬರು ಹತ್ತಿಯ ಎಳೆಯಿಂದ ಬೆನ್ನನ್ನು ಅಲ್ಲಲ್ಲಿ ಮುಟ್ಟಲಿ, ನೀವು ಕಣ್ಣು ಮುಚ್ಚಿಕೊಂಡು ಮುಟ್ಟಿದಾಗಲೆಲ್ಲ ‘ಹೂಂ’ ಎನ್ನಿ. ಎಡಬಲ ಹೋಲಿಸಿ. ಆಮೇಲೆ ತಣ್ಣನೆಯ ಸ್ಟೀಲ್ ಚಮಚ, ಉಗುರುಬೆಚ್ಚಗಿನ ಚಮಚ. ಕುಷ್ಠದಲ್ಲಿ ಬಿಸಿ ತಂಪಿನ ಅರಿವು ಮೊದಲು ಹೋಗುತ್ತದೆ, ಮುಟ್ಟಿದ ಅರಿವು ಆಮೇಲೆ. ನೋಟಾಲ್ಜಿಯಾದಲ್ಲೂ ಸ್ಪರ್ಶ ಮಂದವಾಗುವುದುಂಟು, ಹಾಗಾಗಿ ಕಡೆಯ ಮಾತು ವೈದ್ಯರದೇ. ಅವರು ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಎಂದು ಒತ್ತಿ ನೋಡುತ್ತಾರೆ, ಬೇಕಾದರೆ ಚರ್ಮದ ತುಣುಕು ತೆಗೆದು ಪರೀಕ್ಷಿಸುತ್ತಾರೆ.

ಕುಷ್ಠವೇ ಎಂದಾದರೆ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, 6 ತಿಂಗಳು ಅಥವಾ 12 ತಿಂಗಳು. ಮದ್ದು ಶುರುವಾದ ಕೆಲವೇ ದಿನಗಳಲ್ಲಿ ಇನ್ನೊಬ್ಬರಿಗೆ ಹರಡುವ ಶಕ್ತಿ ರೋಗಾಣುವಿಗೆ ಉಳಿಯುವುದಿಲ್ಲ. ಜಿಮ್ ಬಿಡಬೇಕಿಲ್ಲ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಾನೂನನ್ನು ಕೂಡ ಸಂಸತ್ತು 2019ರಲ್ಲಿ ತೆಗೆದುಹಾಕಿತು. ತಡ ಮಾಡಿದರೆ ಮಾತ್ರ ನರ ಸತ್ತು ಬೆರಳು ಮಡಚಿಕೊಳ್ಳುತ್ತದೆ, ಆ ನಷ್ಟವನ್ನು ಯಾವ ಮಾತ್ರೆಯೂ ತುಂಬಿಕೊಡದು.

ಹತ್ತಿಯ ಎಳೆಗೆ ಸಿಕ್ಕುವ ಇನ್ನೊಬ್ಬ ಆರೋಪಿ ಸರ್ಪಸುತ್ತು. ಒಂದು ಬದಿಯಲ್ಲಿ ಪಟ್ಟಿಯಾಗಿ ಉರಿ, ಜುಮುಜುಮು, ಮರಗಟ್ಟುವಿಕೆ ಮೊದಲು; ಗುಳ್ಳೆಗಳು ಎರಡು ಮೂರು ದಿನ ಬಿಟ್ಟು. ಆ ನಡುವಿನ ದಿನಗಳಲ್ಲಿ ಎಲ್ಲರೂ ಬೈಯುವುದು ಬಾರ್ಬೆಲ್ಲನ್ನೇ. ಗುಳ್ಳೆ ಎದ್ದ 72 ತಾಸಿನೊಳಗೆ ವೈರಾಣು ವಿರೋಧಿ ಮಾತ್ರೆ ಶುರುವಾದರೆ ಒಳ್ಳೆಯದು, ಮಂತ್ರ ಹಾಕಿಸಲು ಹೋಗಿ ಆ ಸಮಯ ಕಳೆದುಕೊಳ್ಳಬೇಡಿ.

ಮರಗಟ್ಟುವಿಕೆ ತರುವ ವಿಟಮಿನ್ ಬಿ12 ಕೊರತೆ ನಮ್ಮ ಸಸ್ಯಾಹಾರಿಗಳಲ್ಲಿ ಧಾರಾಳ. ಮೆಟ್‌ಫಾರ್ಮಿನ್ ನುಂಗುವ ಮಧುಮೇಹಿಗಳಲ್ಲೂ ಸಾಮಾನ್ಯ. ಅದರ ಮರಗಟ್ಟುವಿಕೆ ಎರಡೂ ಪಾದಗಳಲ್ಲಿ ಶುರುವಾಗುತ್ತದೆ, ಬೆನ್ನಿನ ಒಂದೇ ಬದಿಯಲ್ಲಿ ಅಲ್ಲ. ಕೆಂಪು ಬಣ್ಣದ ಸೂಜಿಮದ್ದು ಎಲ್ಲ ಜೋಮಿಗೂ ರಾಮಬಾಣ ಎಂಬ ನಂಬಿಕೆಯನ್ನು ಇನ್ನಾದರೂ ಬಿಡೋಣ. ಜಿಮ್ಮಿನ ಕೌಂಟರಿನಲ್ಲಿ ಮಾರುವ ‘ಪ್ರೀ ವರ್ಕೌಟ್’ ಪುಡಿಯನ್ನೂ ವಿಚಾರಿಸಿಕೊಳ್ಳಬೇಕು. ಅದರಲ್ಲಿರುವ ಬೀಟಾ ಅಲನಿನ್ ಎಂಬ ವಸ್ತು, ಕುಡಿದ 15-20 ನಿಮಿಷಕ್ಕೆ ಮುಖ, ಕತ್ತು, ಬೆನ್ನಿನ ಮೇಲ್ಭಾಗವನ್ನೆಲ್ಲ ಜುಮುಜುಮು ಅನ್ನಿಸುತ್ತದೆ. ಒಂದು ತಾಸು ಒಂದೂವರೆ ತಾಸಿನಲ್ಲಿ ಇಳಿಯುತ್ತದೆ, ನಿರುಪದ್ರವಿ. ಪುಡಿ ಬಿಟ್ಟ ದಿನ ಜುಮುಜುಮು ಇಲ್ಲದಿದ್ದರೆ ಕೇಸು ಮುಗಿಯಿತು.

ನಲ್ಗೊಂಡದವರಿಗೆ, ನಮ್ಮ ಕಡೆ ಪಾವಗಡ, ಮುಂಡರಗಿ, ಕೊಪ್ಪಳ, ರಾಯಚೂರಿನ ಬೋರ್‌ವೆಲ್ ನೀರು ಕುಡಿದು ಬೆಳೆದವರಿಗೆ ಇನ್ನೊಂದು ಪ್ರಶ್ನೆ ಕೇಳಬೇಕು: ಬೆನ್ನು ಬಗ್ಗುತ್ತದೆಯೇ? ಬಹುಕಾಲದ ಫ್ಲೋರೈಡ್ ಬೆನ್ನೆಲುಬಿನ ಕಟ್ಟುಗಳನ್ನೇ ಮೂಳೆಯಾಗಿಸಿ ಹುರಿಯನ್ನು ಹಿಸುಕುತ್ತದೆ. ಹೈದರಾಬಾದಿನ ನರಶಸ್ತ್ರತಜ್ಞ ಡಿ. ರಾಜಾರೆಡ್ಡಿ ಇದನ್ನು ಬಹುಕಾಲ ಅಧ್ಯಯನ ಮಾಡಿದವರು. ನಲವತ್ತರಲ್ಲೇ ಬೆನ್ನು ಕಂಬದಂತೆ ಬಿಗಿದಿದ್ದರೆ ಸ್ಟ್ರೆಚಿಂಗ್ ಸಾಲದು ಎಂದು ಟ್ರೈನರ್ ಹೇಳುವ ಮೊದಲು ಎಕ್ಸ್‌ರೇ ಒಂದು ಇರಲಿ. ಬೆನ್ನೆಲುಬಿನ ಕ್ಷಯವೂ ನಮ್ಮಲ್ಲಿ ಅಪರೂಪವಲ್ಲ. ಸಂಜೆಯ ಜ್ವರ, ರಾತ್ರಿಯ ಬೆವರು, ತಾನಾಗಿ ಇಳಿಯುವ ತೂಕ ಅದರ ಗುರುತು. ಜಿಮ್ಮಿನಲ್ಲಿ ತೂಕ ಇಳಿದರೆ ಶಹಬ್ಬಾಸ್ ಎನ್ನುತ್ತಾರೆ, ಅಲ್ಲೇ ಎಡವಟ್ಟಾಗುವುದು.

ಇದುವರೆಗೆ ಹೇಳಿದ್ದರಲ್ಲಿ ಸರ್ಪಸುತ್ತು ಬಿಟ್ಟರೆ ಉಳಿದದ್ದಕ್ಕೆಲ್ಲ ಒಂದೆರಡು ವಾರದ ಬಿಡುವಿದೆ. ಒಂದಕ್ಕೆ ಮಾತ್ರ ಒಂದು ರಾತ್ರಿಯ ಬಿಡುವೂ ಇಲ್ಲ. ಕುದುರೆಯ ಜೀನಿಗೆ ತಾಗುವ ಭಾಗ, ಅಂದರೆ ತೊಡೆಸಂದಿ, ಗುದದ ಸುತ್ತ, ಜನನಾಂಗ ಮರಗಟ್ಟಿ, ಮೂತ್ರ ಬಾರದೆ ಅಥವಾ ಬಂದದ್ದು ತಿಳಿಯದೆ, ಎರಡೂ ಕಾಲು ಸೋಲುತ್ತಿದ್ದರೆ ಬೆನ್ನುಹುರಿಯ ಕೊನೆಯ ನರಗುಚ್ಛ ಹಿಸುಕಿದೆ ಎಂದು ಲೆಕ್ಕ. ಆಗ ಎಂಆರ್‌ಐ ಆ ರಾತ್ರಿಯೇ ಆಗಬೇಕು, ಶಸ್ತ್ರಚಿಕಿತ್ಸೆಯೂ ತಾಸುಗಳ ಲೆಕ್ಕದಲ್ಲಿ. ಪಂಜಗುಟ್ಟದ ನಿಮ್ಸ್ ಆಸ್ಪತ್ರೆ ಇರಲಿ, ಹತ್ತಿರದ ಖಾಸಗಿ ಆಸ್ಪತ್ರೆ ಇರಲಿ, ನರಶಸ್ತ್ರಚಿಕಿತ್ಸಕರು ಇರುವ ಕಡೆಗೆ ಹೋಗಬೇಕು. ಹೊಟ್ಟೆಯ ಮಟ್ಟದಲ್ಲಿ ಗೆರೆ ಎಳೆದಂತೆ ಅದರ ಕೆಳಗೆಲ್ಲ ಸ್ಪರ್ಶ ಮಂದವಾಗಿ, ಮೆಟ್ಟಿಲಿಳಿಯುವಾಗ ಕಾಲು ತಡವರಿಸಿದರೂ ಇದೇ ಅವಸರ. ಸ್ಕ್ಯಾನಿನ ವಿರೋಧಿ ನಾನಲ್ಲ. ಸ್ಕ್ಯಾನಿಗೆ ತನ್ನದೇ ಸಮಯವಿದೆ ಎನ್ನುವವನು. ಕಾರಣ ತಿಳಿಯದೆ ಮರಗಟ್ಟಿದ ಬೆನ್ನನ್ನು ಲಟಲಟ ಮುರಿಸಿಕೊಳ್ಳುವುದಕ್ಕೆ ಮಾತ್ರ ನನ್ನ ಪೂರ್ತಿ ವಿರೋಧ. ಬೆನ್ನ ಮೇಲೆ ಮೊಣಕಾಲಿಡುವ ಟ್ರೈನರನಾಗಲಿ, ಮೂಳೆ ಕೂಡಿಸುವ ಕಟ್ಟಿನವರಾಗಲಿ, ನರದ ಪರೀಕ್ಷೆ ಅವರ ವಿದ್ಯೆಯಲ್ಲ.

ಎಲ್ಲ ನೋಡಿದ ಮೇಲೂ ಕಾರಣ ಸಿಗದೆ ಹೋಗುವುದುಂಟು. 2018ರಲ್ಲಿ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಸೊಂಟ ನೋವಿನಿಂದ ಏಷ್ಯನ್ ಕ್ರೀಡಾಕೂಟವನ್ನೇ ತಪ್ಪಿಸಿಕೊಂಡರು. ಅದು ಮರಗಟ್ಟುವಿಕೆಯಲ್ಲ, ನೋವು. ಆದರೆ ದೇಶದ ದೊಡ್ಡ ವೈದ್ಯರು ನೋಡಿದರೂ ಕಾರಣ ತಿಂಗಳುಗಟ್ಟಲೆ ಸ್ಪಷ್ಟವಾಗಲಿಲ್ಲ. ಉತ್ತರ ಸಿಗುವವರೆಗೆ ಅವರು ಮಂಚ ಹಿಡಿದು ಕೂರಲಿಲ್ಲ, ಹಗುರ ಭಾರದಿಂದ ಮತ್ತೆ ಕಟ್ಟಿಕೊಂಡರು. 2019ರ ಫೆಬ್ರವರಿಯಲ್ಲಿ ಥಾಯ್ಲೆಂಡಿನ ಸ್ಪರ್ಧೆಯಲ್ಲಿ 192 ಕಿಲೋ ಎತ್ತಿ ಚಿನ್ನ ಗೆದ್ದರು, 2021ರಲ್ಲಿ ಟೋಕಿಯೋದಲ್ಲಿ 202 ಕಿಲೋ ಎತ್ತಿ ಒಲಿಂಪಿಕ್ ಬೆಳ್ಳಿ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 186 ಮಂದಿ ನೌಕರರ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೇಳಿದ್ದು ಇದನ್ನೇ: ಹೊಸದಾಗಿ ಸೊಂಟ ಹಿಡಿದವರಲ್ಲಿ, ಮಲಗಿದವರಿಗಿಂತ ಆದಷ್ಟು ಎಂದಿನ ಕೆಲಸ ಮಾಡಿಕೊಂಡಿದ್ದವರೇ ಬೇಗ ಸುಧಾರಿಸಿದರು.

ಜಿಮ್ ಬಿಟ್ಟವರು ಮರಳುವಾಗ ಕಾಡುವುದು ಹಳೆಯ ನೆನಪು. ನೆನಪು ಮನಸ್ಸಿಗಷ್ಟೇ ಅಲ್ಲ, ಸ್ನಾಯುವಿಗೂ ಇದೆ. ಓಸ್ಲೋದ ವಿಜ್ಞಾನಿಗಳು 2010ರಲ್ಲಿ ಇಲಿಗಳಲ್ಲಿ ತೋರಿಸಿದಂತೆ, ಹೆಚ್ಚು ಭಾರ ಬಿದ್ದು ಬೆಳೆದ ಸ್ನಾಯುಕೋಶ ಸೊರಗಿದ ಮೇಲೂ ಗಳಿಸಿದ ಹೆಚ್ಚುವರಿ ಕೋಶಕೇಂದ್ರಗಳನ್ನು ಉಳಿಸಿಕೊಳ್ಳುತ್ತದೆ. ಬಲ ಬೇಗ ಮರಳುವುದಕ್ಕೆ ಅದೇ ಕಾರಣವಿರಬಹುದು. ಸ್ನಾಯುರಜ್ಜುಗಳಿಗೆ ಅಷ್ಟು ಚುರುಕಿಲ್ಲ. ಕೈ ನೂರು ಕಿಲೋ ಕೇಳುತ್ತದೆ, ಬೆನ್ನಿನ ಕಟ್ಟುಗಳು ಇನ್ನೂ ಲ್ಯಾಪ್‌ಟಾಪಿನ ಕಾಲದಲ್ಲೇ ಇರುತ್ತವೆ. ಅಮೆರಿಕದ ತರಬೇತುದಾರರ ಎರಡು ಸಂಘಟನೆಗಳು 2019ರಲ್ಲಿ ರಜೆ ಮುಗಿಸಿ ಬಂದ ಕಾಲೇಜು ಆಟಗಾರರ ಕಸರತ್ತಿಗೆ ಒಂದು ಲೆಕ್ಕ ಕೊಟ್ಟವು: ಮೊದಲ ವಾರ ಎಂದಿನ ಪ್ರಮಾಣದಲ್ಲಿ ಶೇ. 50 ಕಡಿತ, ಎರಡನೆಯ ವಾರ 30, ಮೂರನೆಯ ವಾರ 20, ನಾಲ್ಕನೆಯ ವಾರ 10. ಅದು ತರುಣ ಆಟಗಾರರ ಅಳತೆ. ಹತ್ತು ವರ್ಷ ಬಿಟ್ಟ ನಲವತ್ತರವನು ವಾರ ಎಂದಿರುವಲ್ಲಿ ತಿಂಗಳು ಎಂದು ಓದಿಕೊಂಡರೆ ನಷ್ಟವಿಲ್ಲ.

ಅಪಾಯದ ಗುರುತುಗಳಿಲ್ಲ, ಚರ್ಮ ನೋಡಿ ವೈದ್ಯರು ಸರಿ ಎಂದಿದ್ದಾರೆ ಎಂದಾದರೆ ಭಾರ ಎತ್ತಬಹುದು. ಕುತ್ತಿಗೆಯ ಬುಡದಲ್ಲಿ ಬಾರ್ ಹೊರುವ ಸ್ಕ್ವಾಟ್ ಬದಲು ಎದೆಗೆ ಡಂಬೆಲ್ ಹಿಡಿದ ಸ್ಕ್ವಾಟ್, ನೆಲದಿಂದೆತ್ತುವ ಡೆಡ್‌ಲಿಫ್ಟ್ ಬದಲು ಮೊಣಕಾಲ ಎತ್ತರದಿಂದ. ಬೆಲ್ಟು ಸೆಟ್ ಮುಗಿದ ಕೂಡಲೇ ಸಡಿಲ. ಮರಗಟ್ಟಿದ ಜಾಗಕ್ಕೆ ಬಿಸಿನೀರ ಚೀಲವನ್ನಾಗಲಿ ಹೀಟಿಂಗ್ ಪ್ಯಾಡನ್ನಾಗಲಿ ಇಡಲೇಬಾರದು, ಸುಟ್ಟರೂ ತಿಳಿಯುವುದಿಲ್ಲ. ಹತ್ತಿಯಿಂದ ಕಂಡುಕೊಂಡ ಮರಗಟ್ಟಿದ ಜಾಗದ ಸುತ್ತ ಮನೆಯವರು ಬಾಲ್ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಡಲಿ. ಎರಡು ವಾರಕ್ಕೊಮ್ಮೆ ಮತ್ತೆ. ಗೆರೆ ಹಿಗ್ಗಿದರೆ, ಎದೆಯತ್ತ ಸುತ್ತಿದರೆ, ಕೈಗೋ ಕಾಲಿಗೋ ಬಲ ಕುಂದಿದರೆ ಆ ಫೋಟೊಗಳೊಂದಿಗೆ ನರತಜ್ಞರಲ್ಲಿಗೆ. ಕುಗ್ಗಿದರೆ ಭಾರ ಏರಿಸಿ. ಎಷ್ಟಿತ್ತೋ ಅಷ್ಟೇ ಉಳಿದರೆ ಬಹುಶಃ ಹಿಂಗವಲಿನದೇ ಚೇಷ್ಟೆ. ಅದು ವರ್ಷಗಟ್ಟಲೆ ಹಾಗೇ ಉಳಿಯುವುದುಂಟು, ಭಾರ ಎತ್ತುವುದಕ್ಕೆ ಅದು ಅಡ್ಡಿಯಲ್ಲ.